ಮರೆವಿನ ಲೆಕ್ಕ ಚಿಕ್ಕಂದಿನಲ್ಲೇ ಶುರು

ಅಮೆರಿಕದ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದ ಸಮುದಾಯದಲ್ಲಿ ಅಲ್ಝೈಮರ್ ಎಂಬ ಮರೆವಿನ ಕಾಯಿಲೆ ಜಾಸ್ತಿ ಅಂತ ಕಳೆದ ಸಂಚಿಕೆಯಲ್ಲಿ ಒಂದೇ ಸಾಲು ಬರೆದು ಮುಂದೆ ಹೋಗಿದ್ದೆ. ಮಿಕ್ಕ ಇಡೀ ಅಂಕಣಕ್ಕೆ ಬಂದ ಪತ್ರಗಳಿಗಿಂತ ಆ ಒಂದು ಸಾಲಿಗೆ ಬಂದವೇ ಹೆಚ್ಚು. ತಪ್ಪು ನನ್ನದೇ. ಅಷ್ಟು ದೊಡ್ಡ ವಿಷಯವನ್ನು ಹಾಗೆ ಸುಮ್ನೆ ಹೇಳಿ ಬಿಡಬಾರದಿತ್ತು. ಹಾಗಾಗಿ ಈ ಸಲ ಪೂರ್ತಿ ಅದೇ ಮಾತು. ಕ್ಯಾಲಿಫೋರ್ನಿಯಾದ ಒಂದು ಮರೆವಿನ ಕ್ಲಿನಿಕ್‌ನಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ, ಆಗ ಕಣ್ಣಾರೆ ಕಂಡದ್ದೂ ಒಂದೆರಡು ಸೇರಿಕೊಳ್ಳುತ್ತದೆ.

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಾನು ಹೂಸ್ಟನ್‌ನಲ್ಲಿ ಇದ್ದೇನೆ. ನಮ್ಮ ಮನೆ ಕ್ಲೀನ್ ಮಾಡಲು ಬರುವ ಹೆಂಗಸು ಮೆಕ್ಸಿಕೋದವರು, ಒಂಬತ್ತು ವರ್ಷದಿಂದ ಬರುತ್ತಿದ್ದಾರೆ, ಮನೆಯವರ ಹಾಗೇ ಆಗಿದ್ದಾರೆ. ಅವರ ಅಮ್ಮನಿಗೆ 71. ಈಗ ಒಲೆ ಆರಿಸುವುದು ಮರೆಯುತ್ತಾರಂತೆ, ಒಂದೇ ಮಾತು ಹತ್ತು ಸಲ ಕೇಳುತ್ತಾರಂತೆ. ಮಗಳು ಮಾತ್ರ 'ವಯಸ್ಸಾಯ್ತಲ್ಲ' ಅಂತ ಬಿಟ್ಟುಬಿಟ್ಟಿದ್ದಾರೆ. ನೀವು ಬರೆದಿದ್ದು ಓದಿ ಭಯ ಆಯಿತು. ಇದು ಅವರ ಜನರ ರಕ್ತದಲ್ಲೇ ಇದೆಯಾ?

ಉತ್ತರ: ಮೊದಲು ಅಂಕಿ ಹೇಳುತ್ತೇನೆ, ಆಮೇಲೆ ರಕ್ತದ ಮಾತು. ಅಮೆರಿಕದ ಅಲ್ಝೈಮರ್ಸ್ ಅಸೋಸಿಯೇಷನ್ ಪ್ರತಿ ವರ್ಷ ಹೇಳುವ ಲೆಕ್ಕದ ಪ್ರಕಾರ, ಅಲ್ಲಿನ ಬಿಳಿಯ ವೃದ್ಧರಿಗೆ ಹೋಲಿಸಿದರೆ ಹಿಸ್ಪಾನಿಕ್ ವೃದ್ಧರಲ್ಲಿ ಅಲ್ಝೈಮರ್ ಅಥವಾ ಅದೇ ಬಗೆಯ ಮರೆವಿನ ಕಾಯಿಲೆ ಸುಮಾರು ಒಂದೂವರೆ ಪಟ್ಟು. ಕಪ್ಪು ವೃದ್ಧರಲ್ಲಿ ಸುಮಾರು ಎರಡು ಪಟ್ಟು. ಇದನ್ನು ಓದಿದ ತಕ್ಷಣ 'ಓ, ಜೀನ್‌ನಲ್ಲೇ ಏನೋ ಇದೆ' ಅನ್ನಿಸುವುದು ಸಹಜ. ನನಗೂ ಹಾಗೇ ಅನ್ನಿಸಿತ್ತು.

ಆದರೆ ಹಿಸ್ಪಾನಿಕ್ ಅಂದರೆ ಯಾರು? ಜನಗಣತಿ ಫಾರಂನಲ್ಲಿ ಟಿಕ್ ಹಾಕಲು ಕೊಟ್ಟ ಒಂದು ಹೆಸರು, ಅಷ್ಟೇ. 2020ರ ಗಣತಿಯಲ್ಲಿ ಸುಮಾರು 6.2 ಕೋಟಿ ಜನ ಆ ಟಿಕ್ ಹಾಕಿದರು. ಅವರಲ್ಲಿ ಮೆಕ್ಸಿಕೋ ಮೂಲದ ಹೊಲದ ಕೂಲಿಯವರಿದ್ದಾರೆ, ಮಯಾಮಿಯಲ್ಲಿ ವ್ಯಾಪಾರ ಮಾಡುವ ಕ್ಯೂಬಾದವರಿದ್ದಾರೆ, ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳಾದ ಪೋರ್ಟೊರಿಕೋದವರಿದ್ದಾರೆ, ನ್ಯೂಯಾರ್ಕಿನ ವಾಷಿಂಗ್ಟನ್ ಹೈಟ್ಸ್ ತುಂಬ ಡೊಮಿನಿಕನ್ನರಿದ್ದಾರೆ. ಬಣ್ಣ ಬೇರೆ, ಪೂರ್ವಿಕರು ಬೇರೆ, ಊಟ ಬೇರೆ. ಬಹುಪಾಲು ಜನರ ಹಿರಿಯರು ಸ್ಪ್ಯಾನಿಷ್ ಮಾತಾಡುತ್ತಿದ್ದರು ಅನ್ನುವುದೊಂದೇ ನಂಟು. ಭಾಷೆಯಿಂದ ಮರೆವು ಬರುವುದಿಲ್ಲ ಅಲ್ವಾ?

ಈಗ ಎರಡು ಅಧ್ಯಯನ ಅಕ್ಕಪಕ್ಕ ಇಟ್ಟು ನೋಡಿ. ನ್ಯೂಯಾರ್ಕಿನ ಉತ್ತರ ಮ್ಯಾನ್‌ಹ್ಯಾಟನ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು 1992ರಿಂದ ವೃದ್ಧರನ್ನು ಗಮನಿಸುತ್ತಾ ಬಂದಿದ್ದಾರೆ. ಅಲ್ಲಿ ಕೆರಿಬಿಯನ್ ಮೂಲದ ಹಿಸ್ಪಾನಿಕ್ ಜನರಲ್ಲಿ ಕಾಯಿಲೆ ಬಿಳಿಯರ ಸುಮಾರು ಎರಡು ಪಟ್ಟು ಕಂಡಿತು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಸುತ್ತಮುತ್ತ 1998ರಲ್ಲಿ ಇನ್ನೊಂದು ಅಧ್ಯಯನ ಶುರುವಾಯಿತು. ಸಾಲ್ಸಾ ಅಂತ ಅದರ ಹೆಸರು, 60 ದಾಟಿದ 1,789 ಜನ ಇದ್ದರು, ಹೆಚ್ಚಿನವರು ಮೆಕ್ಸಿಕೋ ಮೂಲದವರು. ಅಲ್ಲಿ ಅಷ್ಟು ದೊಡ್ಡ ಅಂತರ ಕಾಣಲಿಲ್ಲ. ಒಂದೇ ಹೆಸರಿನ ಜನ, ಎರಡು ಊರು, ಎರಡು ಉತ್ತರ. ರಕ್ತವೇ ಕಾರಣ ಅನ್ನುವ ಮಾತು ಇಲ್ಲೇ ಸಡಿಲ ಆಗುತ್ತದೆ.

ಜೀನ್‌ನಿಂದಲೇ ಬರುವ ಅಲ್ಝೈಮರ್ ಇಲ್ಲವೇ ಇಲ್ಲ ಅಂತ ಹೇಳುತ್ತಿಲ್ಲ. ಕೊಲಂಬಿಯಾ ದೇಶದ ಆಂತಿಯೋಕಿಯಾ ಪ್ರಾಂತ್ಯದಲ್ಲಿ ಒಂದು ದೊಡ್ಡ ವಂಶ ಇದೆ, ಸುಮಾರು 6,000 ಜನ. ಅವರಲ್ಲಿ ಪ್ರೆಸೆನಿಲಿನ್ 1 ಎಂಬ ಜೀನ್‌ನ ದೋಷ ಹೊತ್ತವರಿಗೆ ನಲವತ್ತೈದರ ಆಸುಪಾಸಿನಲ್ಲೇ ಮರೆವು ಹಿಡಿಯುತ್ತದೆ. ಫ್ರಾನ್ಸಿಸ್ಕೊ ಲೊಪೆರಾ ಅನ್ನುವ ನರರೋಗ ವೈದ್ಯರು 1980ರ ದಶಕದಿಂದ ಆ ಮನೆಗಳ ಬೆನ್ನು ಹತ್ತಿ, 2024ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ಮಾಡಿದರು. ಆದರೆ ಅದು ಒಂದು ವಂಶದ ಕಥೆ. 71ಕ್ಕೆ ಶುರುವಾದ ಮರೆವಿಗೆ ಅದನ್ನು ಜೋಡಿಸುವುದು ಸರಿಯಲ್ಲ. ನಿಮ್ಮ ಪರಿಚಯದ ಆ ಅಮ್ಮನಿಗೆ ಏನು ಮಾಡಬಹುದು ಅನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ, ಅಲ್ಲಿವರೆಗೆ ಬಿಡಬೇಡಿ.

ಪ್ರಶ್ನೆ: ಓದು ಕಡಿಮೆ ಇದ್ದವರಿಗೆ ಅಲ್ಝೈಮರ್ ಜಾಸ್ತಿ ಅಂತಾರೆ. ಇದು ಅವಮಾನ ಅಲ್ವಾ ಸಾರ್? ಸ್ಕೂಲಿಗೇ ಹೋಗದ ನನ್ನ ಅಜ್ಜಿಗೆ 90ರಲ್ಲೂ ಎಲ್ಲರ ಹುಟ್ಟಿದ ದಿನ ನೆನಪಿತ್ತು.

ಉತ್ತರ: ಅಜ್ಜಿಗೆ ನನ್ನ ನಮಸ್ಕಾರ. ಒಬ್ಬರ ಮಾತು ಬೇರೆ, ಲಕ್ಷ ಜನರ ಸರಾಸರಿ ಬೇರೆ. ಬೀಡಿ ಸೇದಿ 95 ಬದುಕಿದವರೂ ಸಿಗುತ್ತಾರೆ.

ಓದಿಗೂ ಮರೆವಿಗೂ ನಂಟು ಹೇಗೆ? ಕೊಲಂಬಿಯಾ ವಿಶ್ವವಿದ್ಯಾಲಯದ ಯಾಕೊವ್ ಸ್ಟರ್ನ್ ಎಂಬ ವಿಜ್ಞಾನಿ ಇದನ್ನು ಮಿದುಳಿನ ಮೀಸಲು ಶಕ್ತಿ ಅನ್ನುವ ಅರ್ಥದಲ್ಲಿ ವಿವರಿಸಿದರು. ಇಬ್ಬರ ಮಿದುಳು ಒಂದೇ ಅಷ್ಟು ಹಾಳಾಗಿದೆ ಅಂದುಕೊಳ್ಳಿ. ಚಿಕ್ಕಂದಿನಿಂದ ಓದು, ಬರಹ, ಬೇರೆ ಬೇರೆ ಬಗೆಯ ಕೆಲಸ ಅಂತ ಮಿದುಳನ್ನು ಪಳಗಿಸಿದವರು ಒಂದು ದಾರಿ ಮುಚ್ಚಿದರೆ ಇನ್ನೊಂದರಲ್ಲಿ ನುಸುಳುತ್ತಾರೆ. ಅವರ ಮರೆವು ತಡವಾಗಿ ಹೊರಗೆ ಕಾಣುತ್ತದೆ. ಆ ಅವಕಾಶ ಸಿಗದವರದ್ದು ಬೇಗ ಕಾಣುತ್ತದೆ. ಇದರಲ್ಲಿ ಬುದ್ಧಿವಂತ, ದಡ್ಡ ಅನ್ನುವ ಮಾತೇ ಇಲ್ಲ. ಅವಕಾಶ ಯಾರಿಗೆ ಸಿಕ್ಕಿತು ಅನ್ನುವುದಷ್ಟೇ.

ಮತ್ತೆ, ಅವಕಾಶ ಯಾಕೆ ಸಿಗಲಿಲ್ಲ? ಈಗ 85 ದಾಟಿದ ಮೆಕ್ಸಿಕನ್ ಅಮೆರಿಕನ್ನರು ಸ್ಕೂಲಿಗೆ ಹೋಗುವ ವಯಸ್ಸಿನಲ್ಲಿದ್ದಾಗ ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನ ಎಷ್ಟೋ ಊರುಗಳಲ್ಲಿ 'ಮೆಕ್ಸಿಕನ್ ಸ್ಕೂಲ್' ಅಂತ ಬೇರೆಯೇ ಇತ್ತು. ಆರೆಂಜ್ ಕೌಂಟಿಯ ವೆಸ್ಟ್‌ಮಿನ್‌ಸ್ಟರ್ ಎಂಬ ಊರಿನಲ್ಲಿ ಒಬ್ಬ ಹೆಂಗಸು ತನ್ನ ಮಕ್ಕಳನ್ನೂ ಸಹೋದರನ ಮಕ್ಕಳನ್ನೂ ಒಟ್ಟಿಗೆ ಕರೆದುಕೊಂಡು ಬಿಳಿಯರ ಸ್ಕೂಲಿಗೆ ಸೇರಿಸಲು ಹೋದರು. ಬಣ್ಣ ತಿಳಿ ಇದ್ದ ತನ್ನ ಮಕ್ಕಳಿಗೆ ಸೀಟು ಸಿಕ್ಕಿತು, ಸಹೋದರನ ಮಕ್ಕಳಿಗೆ ಸಿಗಲಿಲ್ಲ. ಆ ಮಕ್ಕಳಲ್ಲಿ ಒಬ್ಬಳು ಸಿಲ್ವಿಯಾ ಮೆಂಡೆಜ್. ಅವಳ ಅಪ್ಪ ಗೊನ್ಸಾಲೊ ಮೆಂಡೆಜ್ ಬೇರೆ ಪೋಷಕರ ಜೊತೆ ಸೇರಿ ಕೋರ್ಟಿಗೆ ಹೋದರು, 1947ರಲ್ಲಿ ಮೇಲ್ಮನವಿಯಲ್ಲೂ ಗೆದ್ದರು. ಕ್ಯಾಲಿಫೋರ್ನಿಯಾದಲ್ಲಿ ಆ ಪದ್ಧತಿಗೆ ಕೊನೆ ಬಿತ್ತು. ಸರಿ, ಆದರೆ ಅದಕ್ಕೆ ಮುಂಚೆ ಸ್ಕೂಲು ಬಿಟ್ಟು ಹೊಲಕ್ಕೆ ಹೋದ ಮಕ್ಕಳ ಕಳೆದುಹೋದ ವರ್ಷಗಳನ್ನು ಯಾವ ತೀರ್ಪೂ ವಾಪಸ್ ಕೊಡಲಿಲ್ಲ. ಗಡಿಯ ಆಚೆ, ಮೆಕ್ಸಿಕೋದ ಹಳ್ಳಿಯಲ್ಲಿ ಮೂರನೇ ಕ್ಲಾಸಿಗೆ ಓದು ಬಿಟ್ಟು, 1942ರಿಂದ 1964ರವರೆಗೆ ನಡೆದ ಬ್ರಸೆರೊ ಯೋಜನೆಯಲ್ಲಿ ಗುತ್ತಿಗೆ ಕೂಲಿಗಳಾಗಿ ಬಂದವರ ಪಾಡೂ ಬೇರೆ ಇರಲಿಲ್ಲ.

ಓದಿನ ವಿಷಯಕ್ಕೆ ಇನ್ನೊಂದು ಮುಖ ಇದೆ. ಇದು ನನಗೆ ತುಂಬ ಕಾಡಿದ್ದು. ಮರೆವಿನ ಪರೀಕ್ಷೆಯಲ್ಲಿ '100ರಿಂದ 7 ಕಳೆಯಿರಿ, ಬಂದಿದ್ದರಿಂದ ಮತ್ತೆ 7 ಕಳೆಯಿರಿ' ಅನ್ನುತ್ತೇವೆ. 93, 86, 79 ಅಂತ ಹೋಗಬೇಕು. ಗಡಿಯಾರ ಬಿಡಿಸಿ ಅನ್ನುತ್ತೇವೆ. ಒಂದರ ಮೇಲೊಂದು ಬಿದ್ದ ಎರಡು ಐದು ಮೂಲೆಯ ಚಿತ್ರ ಕೊಟ್ಟು ನಕಲು ಮಾಡಿ ಅನ್ನುತ್ತೇವೆ. ಒಂದು ದಿನ ದ್ರಾಕ್ಷಿ ತೋಟದಲ್ಲಿ ದುಡಿದ ಒಬ್ಬ ಅಜ್ಜ ಬಂದಿದ್ದರು. ಪೆನ್ನನ್ನು ಉಳಿ ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿದರು. ಬಹಳ ಹೊತ್ತು ಕಾಗದ ನೋಡಿದರು, ಆಮೇಲೆ ನಕ್ಕು 'ನಾನು ಯಾವತ್ತೂ ಚಿತ್ರ ಬಿಡಿಸಿಲ್ಲ ಡಾಕ್ಟರ್' ಅಂದರು. ಅಂಕ ತೀರಾ ಕಡಿಮೆ ಬಂತು. ಆದರೆ ಯಾವ ಸಾಲಿನಲ್ಲಿ ಎಷ್ಟು ಪೆಟ್ಟಿಗೆ ಹಣ್ಣು ಬಂತು ಅಂತ ಕೇಳಿದರೆ ತಡವರಿಸದೆ ಹೇಳುತ್ತಿದ್ದರು, ಜೊತೆಗಿದ್ದ ಮಗ ಹೌದು ಅಂತ ತಲೆ ಆಡಿಸುತ್ತಿದ್ದ. ಅವರಿಗೆ ಕಾಯಿಲೆ ಇತ್ತಾ? ಆ ಕಾಗದ ನೋಡಿ ಹೇಳಲು ಆಗುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಪರೀಕ್ಷೆಗಳಿವೆ, ಓದು ಕಡಿಮೆ ಇದ್ದರೆ ಅಂಕ ಹೊಂದಿಸುವ ಕ್ರಮವೂ ಇದೆ. ಆದರೆ ಹತ್ತು ನಿಮಿಷದಲ್ಲಿ ಮುಂದಿನ ರೋಗಿಯನ್ನು ಕರೆಯಬೇಕಾದ ಕಡೆ ಅದನ್ನೆಲ್ಲ ಯಾರು ನೋಡುತ್ತಾರೆ? ಹೀಗಾಗಿ ಕಾಯಿಲೆ ಇಲ್ಲದವರಿಗೆ ಹಣೆಪಟ್ಟಿ ಬೀಳುವುದೂ ಉಂಟು, ಇದ್ದವರನ್ನು 'ಓದಿಲ್ಲ, ಅದಕ್ಕೇ ಹೀಗೆ' ಅಂತ ಮನೆಗೆ ಕಳಿಸುವುದೂ ಉಂಟು.

ಪ್ರಶ್ನೆ: ಹಿಸ್ಪಾನಿಕ್ ಜನ ಬಡವರಾದರೂ ಬಿಳಿಯರಿಗಿಂತ ಹೆಚ್ಚು ವರ್ಷ ಬದುಕುತ್ತಾರೆ ಅಂತ ಓದಿದ್ದೆ. ನೀವು ಹೇಳಿದ್ದಕ್ಕೆ ಇದು ಉಲ್ಟಾ ಅಲ್ವಾ?

ಉತ್ತರ: ಉಲ್ಟಾ ಅಲ್ಲ, ಒಳಗಿನ ಸಿಕ್ಕೇ ಅದು. 2019ರಲ್ಲಿ ಹಿಸ್ಪಾನಿಕ್ ಜನರ ಸರಾಸರಿ ಆಯಸ್ಸು 81.9 ವರ್ಷ, ಬಿಳಿಯರದ್ದು 78.8. ಸಿಗರೇಟು ಕಡಿಮೆ ಸೇದುವುದು ಒಂದು ಕಾರಣ, ಗಟ್ಟಿಮುಟ್ಟಾದವರೇ ವಲಸೆ ಬರುತ್ತಾರೆ ಅನ್ನುವುದು ಇನ್ನೊಂದು. ಕೋವಿಡ್ ಬಂದು ಆ ಅಂತರವನ್ನು ತುಂಬ ಕರಗಿಸಿತು, ಅದು ಬೇರೆ ಮಾತು. ಅಲ್ಝೈಮರ್‌ಗೆ ಎಲ್ಲಕ್ಕಿಂತ ದೊಡ್ಡ ಕಾರಣ ವಯಸ್ಸು. ಜಾಸ್ತಿ ಬದುಕಿದರೆ ಮರೆವಿಗೆ ಸಿಕ್ಕಿಬೀಳುವ ವರ್ಷಗಳೂ ಜಾಸ್ತಿ. ಜನ ಹೃದಯಾಘಾತದಿಂದ 70ಕ್ಕೇ ಹೋಗಿಬಿಟ್ಟರೆ 80ರ ಕಾಯಿಲೆ ಲೆಕ್ಕಕ್ಕೇ ಬರುವುದಿಲ್ಲ. ಹಿಸ್ಪಾನಿಕ್ ಸಮುದಾಯ ಈಗ ಯುವಕರದ್ದು, ಅವರೆಲ್ಲ ವಯಸ್ಸಾಗುತ್ತಿದ್ದಾರೆ. ಅದಕ್ಕೇ ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2018ರಲ್ಲಿ ಹೇಳಿದ ಅಂದಾಜಿನಂತೆ, 2060ರ ಹೊತ್ತಿಗೆ ಅವರಲ್ಲಿ ಈ ಕಾಯಿಲೆ ಇರುವವರ ಸಂಖ್ಯೆ 30 ಲಕ್ಷ ದಾಟುತ್ತದೆ.

ಪ್ರಶ್ನೆ: ಸಕ್ಕರೆ ಕಾಯಿಲೆಗೂ ಮರೆವಿಗೂ ಸಂಬಂಧ ಇದೆ ಅಂತಾರೆ. ಬಾಯಿ ಕಟ್ಟಿದರೆ ಆಯಿತಲ್ಲ, ಇದರಲ್ಲಿ ಬಡತನ ಎಲ್ಲಿಂದ ಬಂತು?

ಉತ್ತರ: ಬಾಯಿ ಕಟ್ಟುವುದು ಹೇಳಿದಷ್ಟು ಸುಲಭ ಅಲ್ಲ. ಅದೂ ಎರಡು ಶಿಫ್ಟ್ ಮಾಡಿ ರಾತ್ರಿ ಹನ್ನೊಂದಕ್ಕೆ ಮನೆಗೆ ಬರುವವರಿಗೆ.

ಸಂಬಂಧ ಮಾತ್ರ ಗಟ್ಟಿ. ಮೇಲೆ ಹೇಳಿದ ಸಾಲ್ಸಾ ಅಧ್ಯಯನದಲ್ಲಿ ಕಂಡ ಮರೆವಿನ ಕಾಯಿಲೆಯಲ್ಲಿ ಸುಮಾರು 43 ಶೇಕಡಾ ಸಕ್ಕರೆ ಕಾಯಿಲೆ, ಪಾರ್ಶ್ವವಾಯು ಅಥವಾ ಎರಡೂ ಸೇರಿದ್ದರ ಲೆಕ್ಕಕ್ಕೆ ಬಿತ್ತು. ಹತ್ತಿರ ಹತ್ತಿರ ಅರ್ಧ! ಇನ್ನು ಸಿಡಿಸಿ ಹೇಳುವ ಪ್ರಕಾರ, ಬದುಕಿನಲ್ಲಿ ಯಾವತ್ತಾದರೂ ಎರಡನೇ ಬಗೆಯ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಅಮೆರಿಕದ ಒಟ್ಟು ವಯಸ್ಕರಲ್ಲಿ 40 ಶೇಕಡಾ ಆದರೆ ಹಿಸ್ಪಾನಿಕ್ ವಯಸ್ಕರಲ್ಲಿ 50 ಶೇಕಡಾ ದಾಟುತ್ತದೆ. ಸಕ್ಕರೆಯೂ ಬಿಪಿಯೂ ಮಿದುಳಿನ ಸಣ್ಣ ರಕ್ತನಾಳಗಳನ್ನು ವರ್ಷಗಟ್ಟಲೆ ತಿನ್ನುತ್ತಾ ಹೋಗುತ್ತವೆ. ನೋವಿಲ್ಲ, ಜ್ವರ ಇಲ್ಲ, ಹಾಗಾಗಿ ಗೊತ್ತೇ ಆಗುವುದಿಲ್ಲ. ಗೊತ್ತಾಗಬೇಕಾದರೆ ರಕ್ತ ಪರೀಕ್ಷೆ ಆಗಬೇಕು. ಅದಕ್ಕೆ ಡಾಕ್ಟರ್ ಬೇಕು, ಡಾಕ್ಟರಿಗೆ ಇನ್ಶೂರೆನ್ಸ್ ಬೇಕು, ಇನ್ಶೂರೆನ್ಸ್‌ಗೆ ಅದನ್ನು ಕೊಡುವಂಥ ಕೆಲಸ ಬೇಕು. ಛಾವಣಿ ಹಾಕುವವರಿಗೆ, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರಿಗೆ, ಹಣ್ಣು ಕೀಳುವವರಿಗೆ ಅದನ್ನು ಯಾರು ಕೊಡುತ್ತಾರೆ? ಇನ್ಶೂರೆನ್ಸ್ ಇಲ್ಲದವರ ಪಾಲು ಹಿಸ್ಪಾನಿಕ್ ಜನರಲ್ಲಿ ಬಿಳಿಯರ ಎರಡು ಪಟ್ಟಿಗಿಂತ ಜಾಸ್ತಿ. ಟೆಕ್ಸಾಸ್ ರಾಜ್ಯವಂತೂ ಬಡವರ ಮೆಡಿಕೇಡ್ ವಿಮೆಯನ್ನು ವಿಸ್ತರಿಸಲು ಒಪ್ಪಲೇ ಇಲ್ಲ. 65 ಆದಮೇಲೆ ವೃದ್ಧರ ಸರ್ಕಾರಿ ವಿಮೆ ಮೆಡಿಕೇರ್ ಸಿಗುತ್ತದೆ, ನಿಜ. ಆದರೆ 45ಕ್ಕೆ ಶುರುವಾದ ಸಕ್ಕರೆಗೆ 65ರಲ್ಲಿ ಮೊದಲ ಮಾತ್ರೆ ನುಂಗಿದರೆ ನಡುವಿನ 20 ವರ್ಷ ಮಿದುಳಿಗೆ ಆದದ್ದು ಆಗಿಹೋಗಿರುತ್ತದೆ.

ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ 14 ಕಾರಣಗಳ ಪಟ್ಟಿ ಕೊಟ್ಟಿತು. ಇವನ್ನೆಲ್ಲ ತಡೆದರೆ ಜಗತ್ತಿನ ಸುಮಾರು 45 ಶೇಕಡಾ ಮರೆವಿನ ಕಾಯಿಲೆಯನ್ನು ತಡೆಯಬಹುದು ಅಥವಾ ಮುಂದೂಡಬಹುದು ಅಂತ ಅದರ ಅಂದಾಜು. ಕಡಿಮೆ ಓದು, ಬಿಪಿ, ಸಕ್ಕರೆ, ಕಿವುಡು, ಕಣ್ಣಿನ ತೊಂದರೆ, ಖಿನ್ನತೆ, ಕೆಟ್ಟ ಗಾಳಿ ಎಲ್ಲ ಅದರಲ್ಲಿವೆ. ಆ ಪಟ್ಟಿ ಹಿಡಿದುಕೊಂಡು ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಗೆ ಹೋಗಿ. ಫ್ರೆಸ್ನೊ, ಬೇಕರ್ಸ್‌ಫೀಲ್ಡ್ ಕಡೆ ಇಡೀ ಅಮೆರಿಕದಲ್ಲೇ ಅತಿ ಕೆಟ್ಟ ಅನ್ನಬಹುದಾದ ಗಾಳಿ. ಅಲ್ಲಿ ಹೊಲದಲ್ಲಿ ಬಗ್ಗಿ ದುಡಿಯುವವರು ಯಾರು ಅಂತ ನೋಡಿ. ಕಿವುಡಾದರೆ ಯಂತ್ರ ಕೊಳ್ಳಲು ದುಡ್ಡಿಲ್ಲ, ಕಣ್ಣಿನ ಪೊರೆ ತೆಗೆಸಲು ರಜೆ ಇಲ್ಲ. ಪಟ್ಟಿಯಲ್ಲಿ 'ಬಡತನ' ಅಂತ ಹದಿನೈದನೆಯ ಕಾರಣ ಬರೆದಿಲ್ಲ. ನನ್ನ ಪ್ರಕಾರ ಅದು ಮುಕ್ಕಾಲು ಪಾಲು ಕಾರಣಗಳ ಹಿಂದೆ ನಿಂತಿದೆ.

ಪ್ರಶ್ನೆ: ಹಿಸ್ಪಾನಿಕ್ ಕುಟುಂಬದವರು ಅಪ್ಪ ಅಮ್ಮನನ್ನು ನರ್ಸಿಂಗ್ ಹೋಮ್‌ಗೆ ಕಳಿಸದೆ ಮನೆಯಲ್ಲೇ ನೋಡಿಕೊಳ್ಳುತ್ತಾರಂತೆ. ಎಷ್ಟು ಒಳ್ಳೆಯ ಸಂಸ್ಕೃತಿ!

ಉತ್ತರ: ಒಳ್ಳೆಯದೇ. ಅವರು ಅದಕ್ಕೆ 'ಫಮಿಲಿಸ್ಮೊ' ಅನ್ನುತ್ತಾರೆ, ಎಲ್ಲಕ್ಕಿಂತ ಮೊದಲು ಮನೆಯವರು ಅಂತ. ಆದರೆ ಹೊಗಳುವ ಮುಂಚೆ ಲೆಕ್ಕಪತ್ರವನ್ನೂ ನೋಡೋಣ. ಮೆಡಿಕೇರ್ ಆಸ್ಪತ್ರೆಗೆ ಕೊಡುತ್ತದೆ, ಡಾಕ್ಟರಿಗೆ ಕೊಡುತ್ತದೆ. ಸ್ನಾನ ಮಾಡಿಸಲು, ಊಟ ಮಾಡಿಸಲು, ರಾತ್ರಿ ಬಾಗಿಲು ತೆಗೆದು ಹೊರಟುಬಿಡದ ಹಾಗೆ ಕಾಯಲು ವರ್ಷಗಟ್ಟಲೆ ಕೊಡುವುದಿಲ್ಲ. ಅದಕ್ಕೆ ಸ್ವಂತ ದುಡ್ಡು ಬೇಕು, ಇಲ್ಲವೇ ಇದ್ದಬದ್ದದ್ದು ಮುಗಿಯುವವರೆಗೆ ಖರ್ಚು ಮಾಡಿ ಆಮೇಲೆ ಮೆಡಿಕೇಡ್ ಬಾಗಿಲು ತಟ್ಟಬೇಕು. ಹಾಗಾಗಿ ಮಗಳು ಕೆಲಸ ಬಿಡುತ್ತಾಳೆ. ಸಾಮಾನ್ಯವಾಗಿ ಮಗಳೇ, ಮಗ ಅಪರೂಪ. ಅವಳ ಸಂಬಳ ಹೋಯಿತು, ಅವಳ ಪಿಂಚಣಿ ಕಡಿಮೆಯಾಯಿತು, ಅವಳ ಸಕ್ಕರೆ ಏರಿತು. ಇಪ್ಪತ್ತು ವರ್ಷ ಕಳೆದರೆ ಅದೇ ಕುರ್ಚಿಯಲ್ಲಿ ಅವಳು ಕೂತಿರುತ್ತಾಳೆ.

ಪಿಂಚಣಿಯ ಕಥೆಯೂ ಹಳೆಯದು. 1935ರಲ್ಲಿ ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಕಾನೂನು ಬಂದಾಗ ಹೊಲದ ಕೂಲಿಯವರನ್ನೂ ಮನೆಗೆಲಸದವರನ್ನೂ ಹೊರಗಿಟ್ಟರು, 1950ರ ದಶಕದಲ್ಲಿ ಸ್ವಲ್ಪ ಸ್ವಲ್ಪವಾಗಿ ಒಳಗೆ ಬಿಟ್ಟರು. ಈಗಲೂ ಆ ಪಿಂಚಣಿಗೆ, ಪ್ರೀಮಿಯಂ ಇಲ್ಲದ ಆಸ್ಪತ್ರೆ ವಿಮೆಗೆ ಸಾಮಾನ್ಯವಾಗಿ ಹತ್ತು ವರ್ಷ ಲೆಕ್ಕದಲ್ಲಿ ದುಡಿದಿರಬೇಕು. ಕೈಗೆ ನಗದು ಕೊಟ್ಟು ಪುಸ್ತಕದಲ್ಲಿ ಬರೆಯದ ಯಜಮಾನರ ಹತ್ತಿರ ಮೂವತ್ತು ವರ್ಷ ದುಡಿದರೂ ಲೆಕ್ಕದಲ್ಲಿ ಸೊನ್ನೆ.

ಪ್ರಶ್ನೆ: ಹೊಸ ಔಷಧಿ ಬಂದಿದೆಯಲ್ಲ?

ಉತ್ತರ: ಬಂದಿದೆ. ಲೆಕಾನೆಮ್ಯಾಬ್‌ಗೆ 2023ರ ಜುಲೈನಲ್ಲಿ ಪೂರ್ಣ ಅನುಮತಿ ಸಿಕ್ಕಿತು. ಆಗ ಕಂಪನಿ ಇಟ್ಟ ಬೆಲೆ ವರ್ಷಕ್ಕೆ 26,500 ಡಾಲರ್. ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಸ್ವಲ್ಪ ನಿಧಾನ ಮಾಡುತ್ತದೆ, ಅದೂ ಶುರುವಿನ ಹಂತದಲ್ಲಿದ್ದರೆ. ಶುರುವಿನಲ್ಲಿ ಎರಡು ವಾರಕ್ಕೊಮ್ಮೆ ಡ್ರಿಪ್, ಮಧ್ಯೆ ಮಧ್ಯೆ ಎಂಆರ್‌ಐ, ಜೊತೆಗೆ ಒಬ್ಬರು ರಜೆ ಹಾಕಿ ಬರಬೇಕು. ಇನ್ನೊಂದು ವಿಚಿತ್ರ ನೋಡಿ: ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಪದಾರ್ಥ ಕಟ್ಟಿಕೊಂಡಿದ್ದರೆ ಮಾತ್ರ ಈ ಔಷಧಿ ಕೊಡುತ್ತಾರೆ. ಮರೆವು ಶುರುವಾದ ಹಿಸ್ಪಾನಿಕ್ ವೃದ್ಧರಿಗೆ ಸ್ಕ್ಯಾನ್ ಮಾಡಿದರೆ ಅದು ಬಿಳಿಯರಿಗಿಂತ ಕಡಿಮೆ ಜನರಲ್ಲಿ ಕಾಣುತ್ತದೆ ಅಂತ ಅಲ್ಲಿನ ದೊಡ್ಡ ಸ್ಕ್ಯಾನ್ ಅಧ್ಯಯನದಲ್ಲಿ ಕಂಡುಬಂದಿದೆ. ಅಂದರೆ ಅವರ ಮರೆವಿಗೆ ಸಕ್ಕರೆ, ಬಿಪಿ, ರಕ್ತನಾಳದ ಪಾಲು ಜಾಸ್ತಿ ಇರಬಹುದು. ಔಷಧಿ ಪ್ರಯೋಗಗಳಿಗೆ ಅವರನ್ನು ಸೇರಿಸಿಕೊಂಡದ್ದೇ ಕಡಿಮೆ, ಗೊತ್ತಾಗುವುದಾದರೂ ಹೇಗೆ?

ಈಗ ಹೂಸ್ಟನ್‌ನವರಿಗೆ. 'ವಯಸ್ಸಾಯ್ತಲ್ಲ' ಅನ್ನುವುದಕ್ಕೆ ಸ್ಪ್ಯಾನಿಷ್‌ನಲ್ಲಿ 'ಕೋಸಾಸ್ ದೆ ಲಾ ಎದಾದ್' ಅನ್ನುತ್ತಾರೆ. ಕ್ಲಿನಿಕ್‌ನಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಕೇಳುತ್ತಿದ್ದೆ. ಒಲೆ ಆರಿಸಲು ಮರೆಯುವುದು ಬರೀ ವಯಸ್ಸಿನ ಮಾತಲ್ಲ ಅಂತ ನಿಮ್ಮ ಮನೆಗೆ ಬರುವವರಿಗೆ ಮೆಲ್ಲಗೆ ಹೇಳಿ. ಥೈರಾಯ್ಡ್, ಬಿ12 ಕೊರತೆ, ಖಿನ್ನತೆ, ಯಾವುದೋ ನಿದ್ರೆ ಮಾತ್ರೆ, ಇವುಗಳಿಂದಲೂ ಹೀಗೆ ಆಗುತ್ತದೆ, ಇವು ಸರಿಹೋಗುವಂಥವು. ಮೊದಲು ಅದನ್ನು ನೋಡಿಸಲಿ. ಮೆಡಿಕೇರ್ ಇದ್ದರೆ ವರ್ಷಕ್ಕೊಮ್ಮೆಯ ಭೇಟಿಯಲ್ಲಿ ಮರೆವಿನ ತಪಾಸಣೆಯೂ ಸೇರಿರುತ್ತದೆ. ಏನೂ ಇಲ್ಲದಿದ್ದರೆ ಆದಾಯ ನೋಡಿ ಫೀಸು ತೆಗೆದುಕೊಳ್ಳುವ ಸಮುದಾಯ ಆರೋಗ್ಯ ಕೇಂದ್ರಗಳಿವೆ. ಅಂಥ ಕಡೆ 'ಪ್ರೊಮೊತೋರಾ' ಅನ್ನುವ ಹೆಂಗಸರು ಇರುವುದುಂಟು, ಅದೇ ಬೀದಿಯವರು, ಅದೇ ಭಾಷೆಯವರು. ಅವರ ಮಾತನ್ನು ಜನ ಡಾಕ್ಟರ ಮಾತಿಗಿಂತ ಬೇಗ ನಂಬುತ್ತಾರೆ. ಕಾಯಿಲೆ ಇದೆ ಅಂತಲೇ ಆದರೆ, ಮೆಡಿಕೇರ್ 2024ರ ಜುಲೈನಲ್ಲಿ ಶುರು ಮಾಡಿದ ಗೈಡ್ ಎಂಬ ಯೋಜನೆ ಬಗ್ಗೆ ಕೇಳಲಿ. ಅರ್ಹತೆ ಇದ್ದವರಿಗೆ, ನೋಡಿಕೊಳ್ಳುವವರು ಸ್ವಲ್ಪ ಉಸಿರಾಡಲಿ ಅಂತ ವರ್ಷಕ್ಕೆ 2,500 ಡಾಲರ್‌ವರೆಗೆ ಬದಲಿ ಆರೈಕೆ ಸಿಗುತ್ತದೆ.

ಇನ್ನೊಂದು ಮಾತು, ಇದು ಮುಖ್ಯ. ಮಗಳು ಜೊತೆಗೆ ಹೋಗಲಿ, ಆದರೆ ಅನುವಾದ ಅವರು ಮಾಡುವುದು ಬೇಡ. ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆ ದುಭಾಷಿಯನ್ನು ಪುಕ್ಕಟೆ ಕೊಡಲೇಬೇಕು, 1964ರ ನಾಗರಿಕ ಹಕ್ಕು ಕಾಯ್ದೆಯಿಂದ ಬಂದ ಹಕ್ಕು ಅದು. ಯಾಕೆ ಹೇಳುತ್ತೇನೆ ಅಂದರೆ, ಒಮ್ಮೆ ದುಭಾಷಿ ಬರುವುದು ತಡವಾಯಿತು ಅಂತ ನಾನೇ ಒಬ್ಬ ರೋಗಿಯ ಮಗಳ ಕೈಲಿ ಕೇಳಿಸಿದೆ. ಇದು ಯಾವ ವರ್ಷ ಅಂತ ಕೇಳಿದೆ. ಅಮ್ಮ ಏನೋ ಉದ್ದಕ್ಕೆ ಹೇಳಿದರು. ಮಗಳು ಸರಿಯಾದ ವರ್ಷ ಹೇಳಿದಳು. ಬೆಳಗ್ಗೆ ಏನು ತಿಂದರು ಅಂದೆ, ಮತ್ತೆ ಸರಿಯಾದ ಉತ್ತರ. ನನಗೂ ಅರೆಬರೆ ಸ್ಪ್ಯಾನಿಷ್ ಬರುತ್ತಿತ್ತು. ಅಮ್ಮ ಹೇಳುತ್ತಿದ್ದದ್ದು ತನ್ನ ಗಂಡ ಹೊಲದಿಂದ ಇನ್ನೂ ಬಂದಿಲ್ಲ, ಊಟಕ್ಕೆ ಕಾಯುತ್ತಿದ್ದೇನೆ ಅಂತ. ಅವರ ಗಂಡ ತೀರಿಕೊಂಡು ಆರು ವರ್ಷ ಆಗಿತ್ತು. ಮಗಳು ನನ್ನ ಮುಖ ನೋಡಲಿಲ್ಲ, ಅಮ್ಮನ ಕಾಲರ್ ಸರಿ ಮಾಡುತ್ತಾ ಕೂತಿದ್ದಳು.